ಹತ್ಯಾರುಗಳಿಗೆ ಗೋಡೆಯ ಮೇಲೊಂದು ಜಾಗ: ಮನೆಯ ವರ್ಕ್‌ಶಾಪ್ ಜೋಡಿಸುವ ಬಗೆ

ಆಯುಧಪೂಜೆಯ ದಿನ ನಮ್ಮ ಮನೆಯ ಹತ್ಯಾರುಗಳೆಲ್ಲ ಒಂದೇ ಕಡೆ ಸೇರುತ್ತವೆ. ಮೂಲೆಯ ಡಬ್ಬದಿಂದ ಸುತ್ತಿಗೆ, ಅಟ್ಟದಿಂದ ಗರಗಸ, ಬೈಕಿನ ಸೀಟಿನಡಿಯಿಂದ ಸ್ಪ್ಯಾನರ್, ಅಡುಗೆಮನೆಯ ಡ್ರಾಯರಿನಿಂದ ಸ್ಕ್ರೂಡ್ರೈವರ್. ಎಲ್ಲವನ್ನೂ ಒರೆಸಿ, ಚಾಪೆಯ ಮೇಲೆ ಸಾಲಾಗಿ ಇಟ್ಟು, ಅರಿಶಿನ ಕುಂಕುಮ ಹಚ್ಚುತ್ತೇವೆ. ಆವತ್ತೊಂದು ದಿನ ಯಾವುದು ಎಲ್ಲಿದೆ ಎಂದು ಎಲ್ಲರಿಗೂ ಗೊತ್ತು. ದೀಪಾವಳಿ ಬರುವಷ್ಟರಲ್ಲಿ ಮತ್ತೆ ಎಲ್ಲ ಚೆಲ್ಲಾಪಿಲ್ಲಿ.

ಒಂದು ವರ್ಷ ಆ ಚಾಪೆಯ ಮೇಲೆ 10-11ರ ಸ್ಪ್ಯಾನರ್ ಮೂರು ಇದ್ದವು. ಬೇಕಾದಾಗ ಸಿಗಲಿಲ್ಲ ಎಂದು ಮತ್ತೆ ಮತ್ತೆ ತಂದವು ಅವು. ಆಗಲೇ ಗೋಡೆಯ ಮೇಲೆ ಒಂದು ಹಲಗೆ ಕೂರಿಸಬೇಕು ಎಂದು ನಿರ್ಧಾರ ಮಾಡಿದೆ. ನಮ್ಮದು ಮಲೆನಾಡಿನ ಸಾಗರದ ಕಡೆ. ಮನೆಯ ಹಿಂದಿನ ಹಳೆಯ ಕೊಟ್ಟಿಗೆಯೇ ಈಗ ವರ್ಕ್‌ಶಾಪ್. ಆ ಗೋಡೆಯಲ್ಲಿ ಕಲಿತದ್ದನ್ನು, ತಪ್ಪಿ ತಿದ್ದಿಕೊಂಡದ್ದನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ.

ಶುರು ಮಾಡುವ ಮುಂಚೆ ಒಂದು ಮಾತು. ನಮ್ಮೂರಿನ ಹಿರಿಯ ಆಚಾರ್ರೊಬ್ಬರು ನನ್ನ ಮೊದಲ ಹಲಗೆಯನ್ನು ನೋಡಿ ಕೇಳಿದ್ದರು: "ತೆಗೆಯೋದು ಸುಲಭ ಇದೆ ಮಾರಾಯ್ರೇ, ವಾಪಸ್ ಇಡೋದು ಹೇಗೆ?" ಆ ಹಲಗೆಯಲ್ಲಿ ಗರಗಸವನ್ನು ಎರಡು ಕೊಕ್ಕೆಗೆ ಸಿಕ್ಕಿಸಿದ್ದೆ. ತೆಗೆಯಲು ಒಂದು ಕೈ ಸಾಕು. ಇಡಲು ಎರಡೂ ಕೈ ಬೇಕು, ಬಗ್ಗಿ ನೋಡಬೇಕು. ಹಾಗಾಗಿ ಆ ಗರಗಸ ಯಾವಾಗಲೂ ಮೇಜಿನ ಮೇಲೇ ಉಳಿಯುತ್ತಿತ್ತು. ಅವರ ಆ ಪ್ರಶ್ನೆಯನ್ನೇ ನಾನು ಈಗ ಪ್ರತಿ ಹತ್ಯಾರಿನ ಮುಂದೆಯೂ ಇಡುತ್ತೇನೆ. ಒಂದೇ ಕೈಯಲ್ಲಿ, ನೋಡದೆಯೇ ವಾಪಸ್ ಇಡಲು ಆಗುತ್ತದೆಯೇ? ಆಗದಿದ್ದರೆ ಆ ಹೋಲ್ಡರ್ ಬದಲಾಗಬೇಕು.

ಮೊದಲು ನೆಲದ ಮೇಲೆ

ಗೋಡೆಗೆ ಕೈ ಹಚ್ಚುವ ಮುಂಚೆ ಎಲ್ಲವನ್ನೂ ನೆಲಕ್ಕೆ ಇಳಿಸಿ. ಎಲ್ಲವನ್ನೂ ಎಂದರೆ ಮನೆಯ ಬೇರೆ ಬೇರೆ ಕಡೆ ಅಡಗಿರುವುದನ್ನೂ ಸೇರಿಸಿ. ಆಯುಧಪೂಜೆಯ ಹೊತ್ತಿಗೇ ಮಾಡಿದರೆ ಅರ್ಧ ಕೆಲಸ ಆಗಿಯೇ ಇರುತ್ತದೆ.

ಮೂರು ಗುಂಪು ಮಾಡಿ. ವಾರಕ್ಕೊಮ್ಮೆಯಾದರೂ ಕೈಗೆ ಬರುವವು ಒಂದು. ಅಪರೂಪಕ್ಕೆ ಬೇಕಾಗುವವು ಇನ್ನೊಂದು. ಕೆಟ್ಟದ್ದು, ಮುರಿದದ್ದು, ಒಂದೇ ತರಹ ಎರಡು ಮೂರು ಇರುವುದು ಮತ್ತೊಂದು. ಗೋಡೆಗೆ ಹೋಗಬೇಕಾದದ್ದು ಮೊದಲನೆಯ ಗುಂಪು. ಎರಡನೆಯದು ಪೆಟ್ಟಿಗೆಯಲ್ಲಿ, ಮೇಲೆ ಹೆಸರು ಬರೆದು, ಕಪಾಟಿನಲ್ಲಿ ಇರಲಿ. ಎಲ್ಲವನ್ನೂ ಗೋಡೆಗೆ ಹಾಕುವ ಆಸೆ ಬರುತ್ತದೆ, ನನಗೂ ಬಂದಿತ್ತು. ಆದರೆ ವರ್ಷಕ್ಕೊಮ್ಮೆ ಬೇಕಾಗುವ ಪೈಪ್ ರೆಂಚ್ ಕಣ್ಣೆದುರು ನೇತಾಡುತ್ತಿದ್ದರೆ, ದಿನಾ ಬೇಕಾಗುವ ಮೂಲೆಮಟ್ಟಕ್ಕೆ ಜಾಗ ಇರುವುದಿಲ್ಲ.

ಈಗ ನೆಲದ ಮೇಲೆ ಸೀಮೆಸುಣ್ಣದಲ್ಲಿ 6 ಅಡಿ ಅಗಲ, 4 ಅಡಿ ಎತ್ತರದ ಚೌಕಟ್ಟು ಬರೆಯಿರಿ. ಈ ಅಳತೆಗೆ ಕಾರಣ ಇದೆ. ಪ್ಲೈವುಡ್ ಹಾಳೆ ಸಾಮಾನ್ಯವಾಗಿ 8 ಅಡಿ ಉದ್ದ, 4 ಅಡಿ ಅಗಲ ಬರುತ್ತದೆ. 6 ಅಡಿ ಹಲಗೆಗೆ ಹೋದರೆ ಉಳಿದ 2 ಅಡಿಯಲ್ಲಿ ಹೋಲ್ಡರುಗಳೆಲ್ಲ ಆಗುತ್ತವೆ. ಇಡೀ ಕೆಲಸ ಒಂದೇ ಹಾಳೆಯಲ್ಲಿ ಮುಗಿಯುತ್ತದೆ.

ಆ ಚೌಕಟ್ಟಿನೊಳಗೆ ಹತ್ಯಾರುಗಳನ್ನು ಜೋಡಿಸಿ ನೋಡಿ. ಒಟ್ಟಿಗೆ ಕೆಲಸ ಮಾಡುವವು ಒಟ್ಟಿಗೆ ಇರಲಿ. ಟೇಪು, ಮೂಲೆಮಟ್ಟ, ಪೆನ್ಸಿಲು ಒಂದು ಕಡೆ. ಉಳಿ ಮತ್ತು ಕೊಡತಿ ಅಕ್ಕಪಕ್ಕ. ಸ್ಪ್ಯಾನರುಗಳು, ಕಟಿಂಗ್ ಪ್ಲೇಯರ್, ಸ್ಕ್ರೂಡ್ರೈವರುಗಳು ಇನ್ನೊಂದು ಕಡೆ. ನೀವು ಬಲಗೈಯವರಾದರೆ ಜಾಸ್ತಿ ಬಳಸುವುದೆಲ್ಲ ಬಲಗಡೆ ಬರಲಿ, ಎಡಗೈಯವರಾದರೆ ಎಡಗಡೆ. ಭಾರದ್ದು ಕೆಳಗೆ, ಹಗುರದ್ದು ಮೇಲೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಉಳಿ, ಗರಗಸ, ಕತ್ತಿ ಮಾತ್ರ ನೆಲದಿಂದ 5 ಅಡಿಗಿಂತ ಮೇಲೆಯೇ ಇರಬೇಕು. ಅಲ್ಲಿ ಅನುಕೂಲದ ಲೆಕ್ಕ ಹಾಕಬೇಡಿ.

ಅಂದ ನೋಡಿ ಜೋಡಿಸಬೇಡಿ. ಹತ್ಯಾರುಗಳ ನಡುವೆ ಕೈ ಹೋಗುವಷ್ಟು, ಅಂದರೆ ಎರಡು ಮೂರು ಬೆರಳಿನ ಜಾಗ ಬಿಡಿ. ನೆಲದ ಮೇಲೆ ಒತ್ತೊತ್ತಾಗಿ ಚೆನ್ನಾಗಿ ಕಾಣುವುದು ಗೋಡೆಯ ಮೇಲೆ ಗೆಣ್ಣು ತರಚುತ್ತದೆ. ಜೋಡಣೆ ಸರಿ ಅನ್ನಿಸಿದ ಮೇಲೆ ಒಂದು ಸ್ಟೂಲ್ ಹತ್ತಿ ಮೇಲಿನಿಂದ ಫೋಟೋ ತೆಗೆದಿಡಿ. ಆ ಫೋಟೋವೇ ನಿಮ್ಮ ನಕ್ಷೆ.

ನಿಮ್ಮ ಗೋಡೆ ಯಾವುದರದು?

ಇದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ಹೊರದೇಶದ ವಿಡಿಯೋಗಳಲ್ಲಿ ಗೋಡೆಯೊಳಗಿನ ಮರದ ಕಂಬ ಹುಡುಕಿ ಸ್ಕ್ರೂ ಹೊಡೆಯುವುದನ್ನು ತೋರಿಸುತ್ತಾರೆ. ನಮ್ಮ ಗೋಡೆಗಳಲ್ಲಿ ಅಂಥ ಕಂಬ ಇಲ್ಲ. ಇಟ್ಟಿಗೆ, ಸಿಮೆಂಟ್ ಬ್ಲಾಕ್, ಜಂಬಿಟ್ಟಿಗೆ, ಇಲ್ಲವೇ ಮಣ್ಣು. ಒಂದೊಂದರ ಗುಣ ಒಂದೊಂದು.

ಗೊತ್ತಿಲ್ಲದಿದ್ದರೆ ಹಲಗೆಯ ಹಿಂದೆ ಮುಚ್ಚಿಹೋಗುವ ಜಾಗದಲ್ಲಿ ಒಂದು ತೂತು ಕೊರೆದು ಪುಡಿ ನೋಡಿ. ಮೊದಲ ಅರ್ಧ ಇಂಚು ಬರುವ ಬೂದು ಪುಡಿ ಗಾರೆಯದ್ದು, ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಅದರ ನಂತರ ನುಣ್ಣನೆಯ ಕೆಂಪು ಪುಡಿ ಬಂದರೆ ಸುಟ್ಟ ಇಟ್ಟಿಗೆ. ಬೂದು ಪುಡಿಯೇ ಮುಂದುವರಿದು ಡ್ರಿಲ್ ಕಷ್ಟಪಟ್ಟರೆ ಗಟ್ಟಿ ಸಿಮೆಂಟ್ ಬ್ಲಾಕ್ ಅಥವಾ ಕಾಂಕ್ರೀಟ್. ಡ್ರಿಲ್ ದಿಢೀರನೆ ಒಳಕ್ಕೆ ಜಾರಿದರೆ ಒಳಗೆ ಟೊಳ್ಳಿರುವ ಹಾಲೋ ಬ್ಲಾಕ್. ಬೆಣ್ಣೆಯಲ್ಲಿ ಹೋದ ಹಾಗೆ ಹೋಗಿ ಬಿಳಿಯ ಹಗುರ ಪುಡಿ ಉದುರಿದರೆ ಅದು ಹೊಸ ಅಪಾರ್ಟ್‌ಮೆಂಟುಗಳಲ್ಲಿ ಜಾಸ್ತಿ ಬಳಸುವ ಎಎಸಿ ಬ್ಲಾಕ್. ಕರಾವಳಿ ಮತ್ತು ಮಲೆನಾಡಿನವರಿಗೆ ಪರಿಚಯದ ಜಂಬಿಟ್ಟಿಗೆಯಾದರೆ ಕಂದುಗೆಂಪು ಪುಡಿಯ ಜೊತೆ ಹರಳು ಹರಳು ಚೂರು ಬರುತ್ತದೆ.

ಸುಟ್ಟ ಇಟ್ಟಿಗೆ ಮತ್ತು ಗಟ್ಟಿ ಬ್ಲಾಕ್ ಇದ್ದರೆ ಚಿಂತೆಯಿಲ್ಲ. ತೂತಿನೊಳಗೆ ತೂರಿಸಿ ಸ್ಕ್ರೂ ಹಿಡಿಸುವ 8 ಮಿ.ಮೀ. ನೈಲಾನ್ ಪ್ಲಗ್ ಚೆನ್ನಾಗಿ ಹಿಡಿಯುತ್ತದೆ. ಹಾಲೋ ಬ್ಲಾಕಿಗೂ ಎಎಸಿ ಬ್ಲಾಕಿಗೂ ಅವುಗಳಿಗೆಂದೇ ಮಾಡಿದ ಪ್ಲಗ್ ಸಿಗುತ್ತವೆ, ಹಾರ್ಡ್‌ವೇರ್ ಅಂಗಡಿಯಲ್ಲಿ ಗೋಡೆ ಯಾವುದು ಎಂದು ಹೇಳಿಯೇ ಕೇಳಿ. ಈ ಎರಡರಲ್ಲೂ ಡ್ರಿಲ್ಲಿನ ಹ್ಯಾಮರ್ ಮೋಡ್ ಬಂದ್ ಮಾಡಿ ಕೊರೆಯಬೇಕು. ಇಲ್ಲದಿದ್ದರೆ ತೂತು ದೊಡ್ಡದಾಗಿ ಪ್ಲಗ್ ಸುಮ್ನೆ ತಿರುಗುತ್ತದೆ. ಜಂಬಿಟ್ಟಿಗೆಗೂ ಅದೇ ಮಾತು. ಅದರ ಕಲ್ಲಿನೊಳಗೇ ಪೊಳ್ಳು ಇರುತ್ತದೆ, ಒಂದು ತೂತು ಗಟ್ಟಿ ಸಿಕ್ಕರೆ ಪಕ್ಕದ್ದು ಸಡಿಲ. 10 ಮಿ.ಮೀ. ದಪ್ಪದ, ಉದ್ದನೆಯ ಪ್ಲಗ್ ಬಳಸಿ. ತೂತುಗಳ ಸಂಖ್ಯೆ ಜಾಸ್ತಿ ಮಾಡಿ.

ಮಣ್ಣಿನ ಗೋಡೆ, ತುಂಬ ಹಳೆಯ ಗೋಡೆ, ಅಥವಾ ತೂತು ಕೊರೆಯಲು ಒಪ್ಪದ ಬಾಡಿಗೆ ಮನೆಯಾದರೆ ದಾರಿ ಬೇರೆ. ಭಾರವನ್ನು ಗೋಡೆಗೆ ಹೊರಿಸಲೇಬೇಡಿ, ನೆಲಕ್ಕೆ ಹೊರಿಸಿ. 3 ಇಂಚು ಅಗಲ, 2 ಇಂಚು ದಪ್ಪದ ಎರಡು ಮರದ ಕಂಬ ತೆಗೆದುಕೊಂಡು ಗೋಡೆಗೆ ಒರಗಿಸಿ ನಿಲ್ಲಿಸಿ, ಅವುಗಳ ಮೇಲೆ ಹಲಗೆ ಕೂರಿಸಿ. ಕಂಬದ ಬುಡಕ್ಕೆ ಒಂದೊಂದು ಚಪ್ಪಡಿ ಕಲ್ಲಿನ ಚೂರು ಇಟ್ಟರೆ ಗೆದ್ದಲು, ಪಸೆ ಎರಡೂ ದೂರ. ಮೇಲ್ಗಡೆ ಮುಂದಕ್ಕೆ ಬೀಳದ ಹಾಗೆ ಒಂದೆರಡು ಕಡೆ ಹಿಡಿಸಿದರೆ ಸಾಕು. ಬಾಡಿಗೆ ಮನೆಯಲ್ಲಿ ಕಂಬದ ಬುಡವನ್ನೇ ಭಾರದ ಮೇಜಿನ ಹಿಂಗಾಲುಗಳಿಗೆ ಬೋಲ್ಟ್ ಹಾಕಿ ಬಿಗಿಯಬಹುದು. ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು.

ಇನ್ನೊಂದು ಎಚ್ಚರಿಕೆ. ಗೋಡೆಯೊಳಗಿನ ವೈರು ಹೆಚ್ಚಾಗಿ ಸ್ವಿಚ್ ಬೋರ್ಡಿನ ನೇರ ಮೇಲಕ್ಕೋ ನೇರ ಕೆಳಕ್ಕೋ ಹೋಗಿರುತ್ತದೆ. ಆ ಪಟ್ಟಿಯಿಂದ ಎರಡೂ ಪಕ್ಕ ಅರ್ಧ ಅಡಿ ದೂರ ಬಿಟ್ಟು ಕೊರೆಯಿರಿ. ಗೋಡೆಯ ಆಚೆ ಬಚ್ಚಲುಮನೆ ಇದ್ದರೆ ನೀರಿನ ಪೈಪು ಎಲ್ಲಿ ಬಂದಿದೆ ಎಂದೂ ನೋಡಿಕೊಳ್ಳಿ.

ಯಾವ ಬಗೆಯ ಹಲಗೆ

ತೂತು ತೂತಿನ ಪೆಗ್‌ಬೋರ್ಡ್, ಓರೆ ಪಟ್ಟಿಯ ಫ್ರೆಂಚ್ ಕ್ಲೀಟ್, ಬರೀ ಪ್ಲೈವುಡ್ ಹಲಗೆ. ಮುಖ್ಯವಾಗಿ ಇವೇ ಮೂರು.

ಪೆಗ್‌ಬೋರ್ಡ್ ನೋಡಲು ಚೆಂದ. ಆದರೆ ತೆಳು ಹಾರ್ಡ್‌ಬೋರ್ಡಿನ ಪೆಗ್‌ಬೋರ್ಡ್ ನಮ್ಮ ಕಡೆಯ ಮಳೆಗಾಲ ತಡೆಯುವುದಿಲ್ಲ. ನನ್ನದು ಒಂದೇ ಮಳೆಗಾಲದಲ್ಲಿ ಹೊಟ್ಟೆ ಬಿಟ್ಟುಕೊಂಡಿತು. ಜೊತೆಗೆ ಹತ್ಯಾರು ಎಳೆದಾಗ ಕೊಕ್ಕೆಯೂ ಕಿತ್ತು ಬರುತ್ತದೆ. ಕಬ್ಬಿಣದ ತಗಡಿನದ್ದು ಸಿಕ್ಕರೆ ಅದು ಚೆನ್ನಾಗಿರುತ್ತದೆ.

ಫ್ರೆಂಚ್ ಕ್ಲೀಟ್ ಎಂದರೆ 18 ಮಿ.ಮೀ. ಪ್ಲೈವುಡ್ ಪಟ್ಟಿಯ ಒಂದು ಅಂಚನ್ನು 45 ಡಿಗ್ರಿ ಓರೆಯಾಗಿ ಕೊಯ್ದು ಗೋಡೆಗೆ ಅಡ್ಡಡ್ಡ ಸಾಲಾಗಿ ಹೊಡೆಯುವುದು. ಓರೆ ಅಂಚು ಮೇಲ್ಮುಖವಾಗಿ, ಗೋಡೆಯ ಕಡೆಗೆ ಇಳಿಯುವ ಹಾಗೆ ಇರಬೇಕು. ಹೋಲ್ಡರಿನ ಬೆನ್ನಿಗೆ ಅದೇ ಓರೆಯ ಪಟ್ಟಿ ತಲೆಕೆಳಗಾಗಿ. ಮೇಲಿನಿಂದ ಸಿಕ್ಕಿಸಿದರೆ ಭಾರ ಹೆಚ್ಚಾದಷ್ಟೂ ಗೋಡೆಗೆ ಅಪ್ಪಿಕೊಳ್ಳುತ್ತದೆ. ಬೇಕಾದಾಗ ಎತ್ತಿ ಬೇರೆ ಕಡೆ ಇಡಬಹುದು. ಸಾಲಿನಿಂದ ಸಾಲಿಗೆ 8 ಇಂಚು ಅಂತರ ಸರಿಹೋಗುತ್ತದೆ. ಟೇಬಲ್ ಸಾ ಇರುವ ಮರಗೆಲಸದವರ ಹತ್ತಿರ ಪಟ್ಟಿಗಳನ್ನು ಸೀಳಿಸಿಕೊಂಡು ಬಂದರೆ ಉಳಿದದ್ದು ಮನೆಯಲ್ಲೇ ಮಾಡಬಹುದು. ಹತ್ಯಾರುಗಳನ್ನು ಕೊಳ್ಳುತ್ತಲೇ ಇರುವವರಿಗೆ, ಮರಗೆಲಸವನ್ನೇ ಹವ್ಯಾಸ ಮಾಡಿಕೊಂಡವರಿಗೆ ಇದು ಒಳ್ಳೆಯದು.

ಆದರೆ ಮೊದಲ ಸಲ ಮಾಡುವವರಿಗೆ ನಾನು ಹೇಳುವುದು ಬರೀ 12 ಮಿ.ಮೀ. ಪ್ಲೈವುಡ್ ಹಲಗೆಯನ್ನೇ. ಎಲ್ಲಿ ಬೇಕೋ ಅಲ್ಲಿ ಸ್ಕ್ರೂ ಹೊಡೆಯಬಹುದು, ತಪ್ಪಿದರೆ ತೆಗೆದು ಪಕ್ಕಕ್ಕೆ ಹೊಡೆಯಬಹುದು. ಎಂಆರ್ ಎಂದು ಬರೆದ ಪ್ಲೈವುಡ್ ತೇವಾಂಶವನ್ನು ಸ್ವಲ್ಪ ತಡೆಯುತ್ತದೆ ಅಷ್ಟೆ, ನೀರನ್ನು ಅಲ್ಲ. ಮಳೆ ಜಾಸ್ತಿ ಇರುವ ಕಡೆ ಕುದಿಯುವ ನೀರನ್ನೂ ತಡೆಯುವ ಬಿಡಬ್ಲ್ಯುಆರ್ ಪ್ಲೈವುಡ್ ತನ್ನಿ. ಐಎಸ್ 710 ಗುರುತಿನ ಮರೀನ್ ಪ್ಲೈ ಇದಕ್ಕಿಂತ ಗಟ್ಟಿ, ಆದರೆ ಒಳಗಿನ ಗೋಡೆಗೆ ಅಷ್ಟು ಖರ್ಚು ಬೇಕಿಲ್ಲ.

ಹಲಗೆಯನ್ನು ಕೂರಿಸುವ ಮುಂಚೆಯೇ ಪ್ರೈಮರ್ ಹೊಡೆಯಿರಿ. ಮುಂಭಾಗಕ್ಕಿಂತ ಹಿಂಭಾಗ ಮುಖ್ಯ, ಹಿಂಭಾಗಕ್ಕಿಂತ ನಾಲ್ಕು ಅಂಚು ಮುಖ್ಯ. ಪ್ಲೈವುಡ್ ನೀರು ಕುಡಿಯುವುದು ಅಂಚಿನಿಂದಲೇ. ಮುಂದೆ ಬಿಳಿ ಅಥವಾ ತಿಳಿ ಬಣ್ಣ ಬಳಿದರೆ ಕತ್ತಲೆಯ ಕೋಣೆಯಲ್ಲೂ ಹತ್ಯಾರು ಎದ್ದು ಕಾಣುತ್ತದೆ.

ರೀಪರ್ ಹೊಡೆದು ಹಲಗೆ ಕೂರಿಸುವುದು

ಹಲಗೆಯನ್ನು ನೇರವಾಗಿ ಗೋಡೆಗೆ ಅಂಟಿಸಬೇಡಿ. ನಡುವೆ ಗಾಳಿ ಆಡಬೇಕು. ಸಾಮಿಲ್ಲಿನಿಂದ 2 ಇಂಚು ಅಗಲ, ಮುಕ್ಕಾಲು ಇಂಚು ದಪ್ಪ, 4 ಅಡಿ ಉದ್ದದ ಐದು ರೀಪರ್ ತನ್ನಿ. ಒಣಗಿದ ಮರವೇ ಆಗಿರಲಿ. ಇವನ್ನು ನೆಟ್ಟಗೆ, ಒಂದೂವರೆ ಅಡಿಗೆ ಒಂದರಂತೆ ನಿಲ್ಲಿಸಿ ಹೊಡೆಯಬೇಕು. ಅಡ್ಡ ಹೊಡೆದರೂ ಹಿಡಿಯುತ್ತದೆ, ಆದರೆ ನೆಟ್ಟಗೆ ಹೊಡೆದರೆ ಕೆಳಗಿನಿಂದ ಹೋದ ಗಾಳಿ ಮೇಲಿನಿಂದ ಹೊರಗೆ ಬರುತ್ತದೆ. ಗೋಡೆಯ ಪಸೆ ಹಲಗೆಗೆ ದಾಟುವುದಿಲ್ಲ. ಮಲೆನಾಡಿನ ಗೋಡೆಗಳಿಗೆ ಇದು ಬೇಕೇ ಬೇಕು.

ಎತ್ತರ ಎಷ್ಟು? ಕೆಲಸದ ಮೇಜು ನೆಲದಿಂದ 3 ಅಡಿ ಇದ್ದರೆ ಹಲಗೆಯ ಕೆಳ ಅಂಚು ಮೇಜಿನಿಂದ ಒಂದು ಅಡಿ ಮೇಲೆ ಬರಲಿ. ಮೇಜಿನ ಮೇಲಿನ ಮರದ ತುಂಡು ಹಲಗೆಗೆ ತಾಗುವುದಿಲ್ಲ. ಮೇಲಿನ ಅಂಚು 8 ಅಡಿಗೆ ಮುಟ್ಟುತ್ತದೆ. ಕೈಗೆ ಸಲೀಸಾಗಿ ಸಿಗುವುದು ಸೊಂಟದಿಂದ ತಲೆಯವರೆಗಿನ ಜಾಗ ಮಾತ್ರ. ಅದಕ್ಕೂ ಮೇಲೆ ಅಪರೂಪದ್ದು, ಹಗುರದ್ದು. ಕುಳ್ಳಗಿರುವವರು ಹಲಗೆಯನ್ನು ಅರ್ಧ ಅಡಿ ಇಳಿಸಿಕೊಳ್ಳಿ. ಪುಸ್ತಕದ ಅಳತೆಗಿಂತ ನಿಮ್ಮ ತೋಳಿನ ಅಳತೆ ದೊಡ್ಡದು.

ರಸಮಟ್ಟ ಇಟ್ಟು ಗೋಡೆಯ ಮೇಲೆ ಒಂದು ಅಡ್ಡಗೆರೆ ಎಳೆಯಿರಿ. ಕಿಟಕಿಯ ಅಂಚನ್ನೋ ನೆಲವನ್ನೋ ನಂಬಿ ಅಳತೆ ಹಾಕಬೇಡಿ, ಹಳೆಯ ಮನೆಗಳಲ್ಲಿ ಎರಡೂ ವಾಲಿರುತ್ತವೆ. ರೀಪರ್ ನೆಟ್ಟಗಿದೆಯೇ ಎಂದು ತೂಗುಗುಂಡು ಬಿಟ್ಟು ನೋಡಿ.

ಪ್ರತಿ ರೀಪರಿಗೆ ಮೂರು ಸ್ಕ್ರೂ: ಮೇಲೆ, ಮಧ್ಯ, ಕೆಳಗೆ. ಒಟ್ಟು ಹದಿನೈದು. ಮೊದಲು ರೀಪರಿನಲ್ಲಿ ತೂತು ಮಾಡಿ, ಅದನ್ನು ಗೋಡೆಗೆ ಹಿಡಿದು ಗುರುತು ಹಾಕಿ, ರೀಪರ್ ತೆಗೆದು ಗೋಡೆ ಕೊರೆಯಿರಿ. 8 ಮಿ.ಮೀ. ಬಿಟ್ಟಿಗೆ ಎರಡೂವರೆ ಇಂಚಿನ ಗುರುತಿಗೆ ಟೇಪು ಸುತ್ತಿಕೊಂಡರೆ ಆಳ ತಪ್ಪುವುದಿಲ್ಲ. ಕನ್ನಡಕ ಹಾಕಿಕೊಂಡೇ ಕೊರೆಯಿರಿ. ತೂತಿನೊಳಗಿನ ಪುಡಿಯನ್ನು ಸೈಕಲ್ ಪಂಪಿನಿಂದ ಊದಿ ತೆಗೆಯಿರಿ. ಪುಡಿ ಒಳಗೇ ಉಳಿದರೆ ಪ್ಲಗ್ ಪೂರ್ತಿ ಹೋಗುವುದೂ ಇಲ್ಲ, ಹಿಡಿಯುವುದೂ ಇಲ್ಲ.

ಪ್ಲಗ್ಗನ್ನು ಗೋಡೆಯ ಮೇಲ್ಮೈಗೆ ಸಮವಾಗಿ ನಿಲ್ಲಿಸಿಬಿಡುವುದು ಎಲ್ಲರೂ ಮಾಡುವ ತಪ್ಪು. ಅದು ಗಾರೆಯನ್ನು ದಾಟಿ ಇಟ್ಟಿಗೆಯೊಳಗೆ ಕೂರಬೇಕು. ನನ್ನ ಮೊದಲ ಶೆಲ್ಫ್ ಒಂದು ರಾತ್ರಿ ಪೇಂಟ್ ಡಬ್ಬಗಳ ಸಮೇತ ಕೆಳಗೆ ಬಿತ್ತು. ಬೆಳಗ್ಗೆ ನೋಡಿದರೆ ಪ್ಲಗ್ ಜೊತೆಗೆ ಅಂಗೈಯಗಲ ಗಾರೆ ಕಿತ್ತು ಬಂದಿತ್ತು, ಹಿಂದಿನ ಇಟ್ಟಿಗೆಗೆ ಏನೂ ಆಗಿರಲಿಲ್ಲ. ರೀಪರ್ ಮುಕ್ಕಾಲು ಇಂಚು, ಗಾರೆ ಅರ್ಧ ಇಂಚಿನ ಮೇಲೆ, ಪ್ಲಗ್ಗಿನ ಉದ್ದ ಒಂದೂವರೆ ಇಂಚು. ಇಷ್ಟನ್ನು ಕೂಡಿಸಿದರೆ 3 ಇಂಚಿನ ಸ್ಕ್ರೂ ಬೇಕು. ಗಿಡ್ಡ ಸ್ಕ್ರೂ ಹಾಕಿ ಉಳಿತಾಯ ಮಾಡಬೇಡಿ. ಸ್ಕ್ರೂ ಸತುವಿನ ಲೇಪ ಇರುವುದೋ ಸ್ಟೇನ್‌ಲೆಸ್ ಸ್ಟೀಲಿನದೋ ಆಗಿರಲಿ. ಜಿಪ್ಸಮ್ ಬೋರ್ಡಿಗೆ ಬಳಸುವ ಕಪ್ಪು ಸ್ಕ್ರೂ ಇದಕ್ಕೆ ಬೇಡ, ಅದು ಭಾರಕ್ಕೆ ಬಾಗದೆ ಪಟ್ಟನೆ ಮುರಿಯುತ್ತದೆ.

ಭಾರ ಎಷ್ಟಾಗುತ್ತದೆ ಎಂಬ ಭಯ ಬೇಡ. 6 ಅಡಿಗೆ 4 ಅಡಿಯ 12 ಮಿ.ಮೀ. ಹಲಗೆ ಸುಮಾರು 17 ಕಿಲೋ ತೂಗುತ್ತದೆ. ಹತ್ಯಾರುಗಳದ್ದು ಇನ್ನೊಂದು 30 ಕಿಲೋ ಎಂದುಕೊಳ್ಳಿ. ಹದಿನೈದು ಸ್ಕ್ರೂಗಳಿಗೆ ಹಂಚಿದರೆ ಒಂದಕ್ಕೆ ಮೂರು ಕಿಲೋ ಚಿಲ್ಲರೆ. ಯಾವ ಗಟ್ಟಿ ಗೋಡೆಗೂ ಇದು ದೊಡ್ಡ ಭಾರವಲ್ಲ. ತೊಂದರೆ ಬರುವುದು ಭಾರ ಗೋಡೆಯಿಂದ ದೂರ ಹೋದಾಗ. ತುಂಬಿದ ಬಿಂದಿಗೆಯನ್ನು ಸೊಂಟಕ್ಕೆ ಒತ್ತಿಕೊಂಡು ಎಷ್ಟು ದೂರ ಬೇಕಾದರೂ ನಡೆಯಬಹುದು, ಕೈ ಚಾಚಿ ಹಿಡಿದರೆ ಒಂದು ನಿಮಿಷ ನಿಲ್ಲಲಾಗುವುದಿಲ್ಲ ಅಲ್ವಾ? ಶೆಲ್ಫ್ ಕೂಡ ಹಾಗೆಯೇ. 6 ಇಂಚು ಅಗಲ ಸಾಕಾಗುವ ಕಡೆ ಒಂದು ಅಡಿ ಮಾಡಬೇಡಿ. ಎಲ್ ಆಕಾರದ ಬ್ರ್ಯಾಕೆಟ್ಟಿನ ಉದ್ದ ಕಾಲು ಗೋಡೆಗೆ, ಗಿಡ್ಡ ಕಾಲು ಶೆಲ್ಫಿಗೆ ಇರಲಿ.

ಹಲಗೆ ಎತ್ತುವಾಗ ಇನ್ನೊಬ್ಬರನ್ನು ಕರೆಯಿರಿ. ರೀಪರುಗಳ ಫೋಟೋ ಮೊದಲೇ ತೆಗೆದುಕೊಂಡಿರಿ. ಮುಂದೆ ಭಾರದ ವಸ್ತು ನೇತುಹಾಕುವಾಗ ಹಿಂದೆ ರೀಪರ್ ಎಲ್ಲಿದೆ ಎಂದು ಹುಡುಕಬೇಕಾಗುವುದಿಲ್ಲ.

ಒಂದೊಂದಕ್ಕೂ ಅದರದೇ ಗೂಡು

ನಿಜವಾದ ಸಂತೋಷ ಇರುವುದು ಇಲ್ಲಿ. ಒಂದೇ ದಿನ ಮುಗಿಸಲು ಹೋಗಬೇಡಿ. ದಿನಕ್ಕೆರಡು ಮಾಡಿದರೂ ಸಾಕು. ಹೋಲ್ಡರುಗಳಿಗೆ ಉಳಿದ ಪ್ಲೈವುಡ್ ಆಗುತ್ತದೆ, ಮರದ ಚೂರುಗಳೂ ಆಗುತ್ತವೆ. ಹಸಿ ಮರ ಮಾತ್ರ ಬೇಡ. ಅದು ಒಣಗುತ್ತಾ ಸೀಳುತ್ತದೆ, ತಾಗಿದ ಉಕ್ಕಿಗೆ ತುಕ್ಕು ತರುತ್ತದೆ. ಹೋಲ್ಡರ್ 18 ಮಿ.ಮೀ. ದಪ್ಪವಿದ್ದರೆ ಒಂದೂಕಾಲು ಇಂಚಿನ ಸ್ಕ್ರೂ ಹೊಡೆಯಿರಿ. ತುದಿ ಹಲಗೆ ದಾಟಿ ಹಿಂದೆ ಚೂರು ಇಣುಕಿದರೂ ಅಲ್ಲಿ ರೀಪರಿನ ಸಂದು ಇದೆ, ತೊಂದರೆಯಿಲ್ಲ.

ಉಳಿಗಳಿಂದ ಶುರು ಮಾಡಿ. ಎರಡೂವರೆ ಇಂಚು ಅಗಲದ ಪಟ್ಟಿಯಲ್ಲಿ ಸಾಲಾಗಿ ತೂತು ಕೊರೆಯಿರಿ. ತೂತು ಉಳಿಯ ಅಲಗಿಗಿಂತ ದೊಡ್ಡದು, ಹಿಡಿಗಿಂತ ಸಣ್ಣದು ಇರಬೇಕು. ಮುಂದಿನ ಅಂಚಿನಿಂದ ಪ್ರತಿ ತೂತಿಗೂ ಗರಗಸದಲ್ಲಿ ಒಂದು ಸೀಳು ಬಿಡಿಸಿ. ಉಳಿಯನ್ನು ಎತ್ತಿ ಮೇಲಿನಿಂದ ತೂರಿಸಬೇಕಿಲ್ಲ, ಕತ್ತಿನ ಹತ್ತಿರ ಹಿಡಿದು ಮುಂದಿನಿಂದ ಸರಿಸಿ ಬಿಟ್ಟರೆ ಕೂತುಕೊಳ್ಳುತ್ತದೆ. ಕಾಲು, ಅರ್ಧ, ಮುಕ್ಕಾಲು, ಒಂದು ಇಂಚು ಎಂದು ಸಾಲಾಗಿ ಇಟ್ಟರೆ ಕೈಗೇ ಅಳತೆ ಗೊತ್ತಾಗುತ್ತದೆ. ಕೆಳಗೆ ನೇತಾಡುವ ಅಲಗುಗಳ ಮುಂದೆ ಒಂದು ತೆಳು ಪಟ್ಟಿ ಅಡ್ಡ ಹೊಡೆಯುವುದನ್ನು ಮರೆಯಬೇಡಿ. ಮಸೆದ ಉಳಿಯ ತುದಿಗೆ ಮುಂಗೈ ತಾಗಿದರೆ ಆಮೇಲೆ ಹೊಲಿಗೆಯೇ ಗತಿ. ಆಯಸ್ಕಾಂತದ ಪಟ್ಟಿಗೆ ಉಳಿ ಅಂಟಿಸುವವರಿದ್ದಾರೆ. ನನಗೆ ಅದು ಹಿಡಿಸಲಿಲ್ಲ. ಉಕ್ಕು ಕಾಂತವಾಗಿ ಕಬ್ಬಿಣದ ಪುಡಿ ಅಂಟಿಕೊಳ್ಳುತ್ತದೆ, ಮಸೆಯುವಾಗ ಕಿರಿಕಿರಿ. ಆ ಪಟ್ಟಿ ಡ್ರಿಲ್ ಬಿಟ್ಟುಗಳಿಗೆ, ಸಣ್ಣ ಕೀಲಿಗಳಿಗೆ ಸರಿ.

ಗರಗಸಕ್ಕೆ ಅದರ ಹಿಡಿಯೊಳಗಿನ ತೂತಿನ ಆಕಾರದ್ದೇ ಒಂದು ಮರದ ತುಂಡು ಕೆತ್ತಿ ಹಲಗೆಗೆ ಹೊಡೆಯಿರಿ. ಅದರ ಮುಖಕ್ಕೆ ಒಂದು ಸ್ಕ್ರೂ ಹಾಕಿ ತಿರುಗುವ ಸಣ್ಣ ಚೂರು ಕೂರಿಸಿ. ಗರಗಸ ತೂರಿಸಿ ಆ ಚೂರನ್ನು ಅಡ್ಡ ತಿರುಗಿಸಿದರೆ ಬೀಳುವುದಿಲ್ಲ. ಹಲ್ಲು ಗೋಡೆಯ ಬದಿಗೆ ಅಥವಾ ಮೂಲೆಯ ಕಡೆಗೆ ಇರಲಿ.

ಸುತ್ತಿಗೆಗೆ ಎರಡು ಗೂಟ ಸಾಕು, ತಲೆ ಮೇಲೆ ಕೂರುತ್ತದೆ, ಹಿಡಿ ಕೆಳಗೆ ಇಳಿಯುತ್ತದೆ. ಸ್ಕ್ರೂಡ್ರೈವರಿಗೆ ತೂತು ಕೊರೆದ ಪಟ್ಟಿ.

ಸ್ಪ್ಯಾನರುಗಳು ಎಂಟರ ಸೆಟ್ಟಿನಲ್ಲಿ ಬರುತ್ತವೆ: 6-7, 8-9, 10-11, 12-13, 14-15, 16-17, 18-19, 20-22. ಉದ್ದದ ಮರದ ಪಟ್ಟಿಯಲ್ಲಿ ಓರೆಯಾಗಿ ಎಂಟು ಗೀರು ಕೊಯ್ದು ಒಂದೊಂದನ್ನೂ ನಿಲ್ಲಿಸಿ. ಗೀರಿನ ಕೆಳಗೆ ಅಂಕಿಯನ್ನು ದಪ್ಪಕ್ಷರದಲ್ಲಿ ಬರೆಯಿರಿ. ಖಾಲಿ ಗೀರೊಂದು ಕಂಡರೆ ಅದು ಬೈಕಿನ ಪಕ್ಕ ಬಿದ್ದಿದೆ ಎಂದೇ ಲೆಕ್ಕ.

ಕೀಸುಳಿಗೆ ತುಸು ಹಿಂದಕ್ಕೆ ಒರಗಿದ ಹಲಗೆ, ಕೆಳಗೆ ತಡೆಯುವ ಒಂದು ಪಟ್ಟಿ. ಅಲಗು ಮರಕ್ಕೆ ತಾಗದಂತೆ ಅದರ ತುದಿಗೆ ಒಂದು ತೆಳು ಚಕ್ಕೆ ಕೊಡಿ. ಅರಗಳನ್ನು ಒಂದರ ಮೇಲೊಂದು ರಾಶಿ ಹಾಕಿದರೆ ಹಲ್ಲು ಸವೆಯುತ್ತವೆ. ಅವಕ್ಕೆ ಉಳಿದ ಪಿವಿಸಿ ಪೈಪಿನ ತುಂಡುಗಳು ಹೇಳಿ ಮಾಡಿಸಿದ ಹಾಗೆ. 75 ಅಥವಾ 90 ಮಿ.ಮೀ. ಪೈಪನ್ನು ಗೇಣುದ್ದ ಕತ್ತರಿಸಿ, ಬಾಯಿಯನ್ನು ಓರೆ ಮಾಡಿ, ಮುಂದೆ ಒಂದು ಸೀಳು ಬಿಟ್ಟರೆ ಡ್ರಿಲ್ ಮಷಿನ್ ಕೂಡ ಅದರಲ್ಲಿ ಕೂರುತ್ತದೆ.

ಗ್ರೈಂಡರನ್ನು ಪ್ಲಗ್ ತೆಗೆದು, ಡಿಸ್ಕ್ ಗೋಡೆಯ ಕಡೆಗಿರುವ ಹಾಗೆ ನೇತುಹಾಕಿ. ಕಟಿಂಗ್ ಡಿಸ್ಕುಗಳನ್ನು ಮಾತ್ರ ಮೊಳೆಗೆ ಸಿಕ್ಕಿಸಿಡಬೇಡಿ. ಅವು ಅಂಟಿನಿಂದ ಕಟ್ಟಿದವು, ತೇವ ಹೀರಿದರೆ ಬಲ ಕಳೆದುಕೊಳ್ಳುತ್ತವೆ, ತಿರುಗುವಾಗ ಒಡೆದು ಸಿಡಿಯಬಹುದು. ನಡುವಿನ ಲೋಹದ ಬಳೆಯ ಮೇಲೆ ಅವಧಿ ಮುಗಿಯುವ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಒಮ್ಮೆ ನೋಡಿ. ಅವಧಿ ಮೀರಿದ್ದನ್ನು ಎಸೆದುಬಿಡಿ. ಉಳಿದದ್ದನ್ನು ಮುಚ್ಚಳ ಇರುವ ಡಬ್ಬದಲ್ಲಿ ಮಟ್ಟಸವಾಗಿ ಇಡಿ.

ಮೊಳೆ, ಸ್ಕ್ರೂ, ವಾಷರುಗಳಿಗೆ ಪಾರದರ್ಶಕ ಪ್ಲಾಸ್ಟಿಕ್ ಜಾಡಿ ಒಳ್ಳೆಯದು. ಶೆಲ್ಫಿನ ಕೆಳಮೈಗೆ ಮುಚ್ಚಳವನ್ನು ಎರಡು ಸ್ಕ್ರೂ ಹೊಡೆದು ಕೂರಿಸಿದರೆ ಜಾಡಿಯನ್ನು ತಿರುಗಿಸಿ ನೇತುಹಾಕಬಹುದು. ಒಂದೇ ಸ್ಕ್ರೂ ಹೊಡೆದರೆ ಮುಚ್ಚಳವೂ ಜೊತೆಗೆ ತಿರುಗುತ್ತದೆ. ಉಪ್ಪಿನಕಾಯಿಯ ಗಾಜಿನ ಬಾಟಲಿ ಬೇಡ, ಕೈಜಾರಿದರೆ ಗಾಜಿನ ನಡುವೆ ಮೊಳೆ ಹೆಕ್ಕಬೇಕು.

ತೋಟ ಇರುವ ಮನೆಯವರು ಹಾರೆ, ಗುದ್ದಲಿ, ಪಿಕಾಸಿಗೆ ಬೇರೆ ಗೋಡೆ ಕೊಡಿ. ಮಣ್ಣಿನ ಹತ್ಯಾರು ಮತ್ತು ಮರದ ಹತ್ಯಾರು ಒಂದೇ ಹಲಗೆಯಲ್ಲಿ ಇರಬಾರದು. ದೋಟಿಯನ್ನು ಮಾಡಿನ ಕೆಳಗೆ ಅಡ್ಡಲಾಗಿ ಮೂರು ಕೊಕ್ಕೆಗೆ ಮಲಗಿಸಿ. ಎರಡೇ ಕೊಕ್ಕೆಯಾದರೆ ನಡುವೆ ಬಾಗುತ್ತದೆ. ಮೆಟ್ಟುಗತ್ತಿಯ ಅಲಗಿಗೆ ಒಂದು ಹಳೆಯ ಟ್ಯೂಬಿನ ತುಂಡು ಸೀಳಿ ಹೊದಿಸಿ.

ಗೆರೆ ಎಳೆಯುವುದು

ಎಲ್ಲ ಹೋಲ್ಡರ್ ಕೂತು ಒಂದು ತಿಂಗಳು ಕಳೆಯಲಿ. ಅಷ್ಟರಲ್ಲಿ ಯಾವುದು ಕೈಗೆ ದೂರ, ಯಾವುದು ತಪ್ಪು ಜಾಗದಲ್ಲಿದೆ ಎಂದು ತಾನಾಗಿಯೇ ಗೊತ್ತಾಗುತ್ತದೆ. ಸರಿಸಿ. ಆಮೇಲೆ ಪ್ರತಿ ಹತ್ಯಾರಿನ ಸುತ್ತ ಮಾರ್ಕರಿನಲ್ಲಿ ಅದರ ಆಕಾರ ಬರೆಯಿರಿ. ವಿಮಾನ ದುರಸ್ತಿ ಮಾಡುವ ಕಡೆ ಇದನ್ನು ಕಡ್ಡಾಯದಂತೆ ಪಾಲಿಸುತ್ತಾರೆ, ಎಂಜಿನ್ನಿನೊಳಗೆ ಒಂದು ಸ್ಪ್ಯಾನರ್ ಮರೆತರೆ ಪ್ರಾಣಕ್ಕೇ ಅಪಾಯ. ಪೀಣ್ಯದಂಥ ಕಡೆ ಕಾರ್ಖಾನೆಯಲ್ಲಿ ಕೆಲಸ ಮಾಡಿದವರಿಗೆ ಕೆಲಸದ ಜಾಗವನ್ನು ಒಪ್ಪವಾಗಿ ಇಡುವ, ಜಪಾನಿನಿಂದ ಬಂದ 5ಎಸ್ ಪದ್ಧತಿಯ ಮೂಲಕ ಇದು ಪರಿಚಯವಿರುತ್ತದೆ. ಮನೆಯಲ್ಲಿ ಇದರ ಉಪಯೋಗ ಬೇರೆ. ಮನೆಯವರು ಯಾರು ಬಂದರೂ, ಹತ್ಯಾರಿನ ಹೆಸರು ಗೊತ್ತಿಲ್ಲದ ಮಕ್ಕಳೂ, ಗೆರೆ ನೋಡಿ ವಾಪಸ್ ಇಡುತ್ತಾರೆ. ನಮ್ಮ ಮನೆಯಲ್ಲಿ ಹತ್ಯಾರು ಕಳೆಯುವುದು ನಿಂತದ್ದು ಹಲಗೆ ಕೂರಿಸಿದ ದಿನ ಅಲ್ಲ, ಗೆರೆ ಎಳೆದ ದಿನ.

ಕರೆಂಟು, ಬ್ಯಾಟರಿ

ಎಕ್ಸ್‌ಟೆನ್ಶನ್ ಬೋರ್ಡನ್ನು ಹಲಗೆಯ ಪಕ್ಕದ ಅಂಚಿಗೆ ಹಿಡಿಸಿ, ಹಿಂದೆ ಅಡಗಿಸಬೇಡಿ. ದೊಡ್ಡ ಮಷಿನ್ನುಗಳಿಗೆ 16 ಆಂಪಿಯರ್ ಸಾಕೆಟ್ಟೇ ಬೇಕು. ವರ್ಕ್‌ಶಾಪಿನ ಲೈನಿಗೆ ಕರೆಂಟು ಸೋರಿದರೆ ತಕ್ಷಣ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯೇ ಎಂದು ಎಲೆಕ್ಟ್ರಿಷಿಯನ್ ಹತ್ತಿರ ಕೇಳಿ ಹಾಕಿಸಿ. ಬ್ಯಾಟರಿ ಚಾರ್ಜರುಗಳನ್ನು ಮರದ ಹೊಟ್ಟು ಬೀಳದ ಮೂಲೆಯಲ್ಲಿ ಇಡಿ. ರಾತ್ರಿ ಚಾರ್ಜಿಗೆ ಹಾಕಿ ಮಲಗಬೇಡಿ.

ಮಳೆಗಾಲದ ಆರೈಕೆ

ಗೋಡೆಯ ಮೇಲಿನ ಹತ್ಯಾರಿಗೆ ಪೆಟ್ಟಿಗೆಯ ರಕ್ಷಣೆ ಇಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಲೆನಾಡು, ಕರಾವಳಿಯ ಗಾಳಿಯೇ ಒದ್ದೆ. ಮಳೆ ಹಿಡಿಯುವ ಮುಂಚೆ ಮೇ ತಿಂಗಳಲ್ಲಿ ಒಮ್ಮೆ ಎಲ್ಲವನ್ನೂ ಇಳಿಸಿ, ಹೊಲಿಗೆ ಮಷಿನ್ನಿನ ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ತೆಳ್ಳಗೆ ಪಸೆ ಉಳಿದರೆ ಸಾಕು. ಅಡುಗೆ ಎಣ್ಣೆ ಬೇಡ, ದಿನ ಕಳೆದಂತೆ ಜಿಗುಟಾಗಿ ಧೂಳು ಹಿಡಿಯುತ್ತದೆ. ಎಣ್ಣೆ ಬಟ್ಟೆಯನ್ನು ಮುಚ್ಚಳದ ಡಬ್ಬದಲ್ಲಿ ಹಲಗೆಯ ಕೆಳಗೇ ಇಟ್ಟರೆ ಬಳಸಿದ ಮೇಲೆ ಒಮ್ಮೆ ಸವರಿ ನೇತುಹಾಕುವ ರೂಢಿ ತಾನಾಗಿ ಬರುತ್ತದೆ. ಬೆವರಿನ ಕೈ ತಾಗಿದ ಜಾಗದಲ್ಲೇ ಮೊದಲು ತುಕ್ಕು ಕಾಣುವುದು.

ಬಯಲುಸೀಮೆಯವರಿಗೆ ತುಕ್ಕಿಗಿಂತ ಧೂಳಿನ ಕಾಟ ಜಾಸ್ತಿ. ಬೇಸಿಗೆಯಲ್ಲಿ ಮರ ಒಣಗಿ ಸುತ್ತಿಗೆಯ, ಕೊಡಲಿಯ ತಲೆ ಸಡಿಲವಾಗುತ್ತದೆ. ನೇತುಹಾಕಿದ ಸುತ್ತಿಗೆಯ ತಲೆಯನ್ನು ಆಗಾಗ ಅಲ್ಲಾಡಿಸಿ ನೋಡಿ.

ವರ್ಷಕ್ಕೊಮ್ಮೆ ಹಲಗೆಯ ಹಿಂದಿನ ಸಂದಿಗೆ ಟಾರ್ಚ್ ಬಿಟ್ಟು ಗೆದ್ದಲಿನ ಮಣ್ಣಿನ ಗೆರೆ ಬಂದಿದೆಯೇ ಎಂದು ನೋಡಿ. ಸ್ಕ್ರೂಗಳನ್ನು ಒಮ್ಮೆ ಬಿಗಿ ಮಾಡಿ. ನಾನು ಇದನ್ನು ಆಯುಧಪೂಜೆಯ ಹಿಂದಿನ ದಿನಕ್ಕೆ ಇಟ್ಟುಕೊಂಡಿದ್ದೇನೆ, ಹತ್ಯಾರುಗಳೆಲ್ಲ ಹೇಗೂ ಆವತ್ತು ಕೆಳಗೆ ಇಳಿಯುತ್ತವೆ.

ಹಲಗೆಯ ಒಂದು ಮೂಲೆಯಲ್ಲಿ ಒಂದೂವರೆ ಅಡಿ ಜಾಗ ಖಾಲಿ ಬಿಡಿ, ಮುಂದೆ ಬರುವ ಹತ್ಯಾರಿಗೆ. ಮತ್ತೆ, ಒಂದು ಮೊಳೆಗೆ ಒಂದಿಷ್ಟು ರಟ್ಟಿನ ಚೀಟಿ, ದಾರ, ಪೆನ್ಸಿಲು ಕಟ್ಟಿಡಿ. ಹಳ್ಳಿಯಲ್ಲಿ ಹತ್ಯಾರು ಕೇಳಿಕೊಂಡು ಬಂದವರಿಗೆ ಇಲ್ಲ ಎನ್ನಲಾಗುವುದಿಲ್ಲ, ಎನ್ನಲೂಬಾರದು. ಕೊಡುವಾಗ ಆ ಖಾಲಿ ಗೆರೆಯೊಳಗೆ ಒಂದು ಚೀಟಿ ನೇತುಹಾಕಿ: ಯಾರ ಮನೆಗೆ, ಯಾವ ವಾರ. ನನ್ನ ಹಲಗೆಯ ಮೇಲೆ ಈಗ ಮೂಲೆಮಟ್ಟದ ಜಾಗದಲ್ಲಿ ಒಂದು ಚೀಟಿ ಇದೆ: "ಕೆಳಗಿನ ಮನೆ, ಮಂಗಳವಾರ".